ತಾಯಿ ಹೇಳಬೇಕಾದ ಮಾತು

2004ನೆಯ ಇಸವಿಯ ಏಪ್ರಿಲ್ 1ರಂದು ಭಾರತ ಸರ್ಕಾರವು, ಎಚ್‌ಐವಿ ಸೋಂಕು ವಿಶೇಷವಾಗಿ ಹಬ್ಬಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ, ಆಯ್ದ ಕೆಲವು ಸರ್ಕಾರಿ ಆಸ್ಪತ್ರೆಗಳ ಮೂಲಕ, ಎಆರ್‌ಟಿ ಎಂದು ಈಗ ಹಳ್ಳಿಹಳ್ಳಿಗೂ ಪರಿಚಿತವಾಗಿರುವ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಲು ಮೊದಲುಮಾಡಿತು. ಆ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಅದಕ್ಕೆ ಮುಂಚೆ, ಬಸುರಿನ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ, ರಕ್ತಪರೀಕ್ಷೆಯ ಚೀಟಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹೊರಗೆ ಬಂದ ಬಡ ಹೆಣ್ಣುಮಗಳು ಎಣಿಸುತ್ತಿದ್ದುದು ತನ್ನ ಆಯುಷ್ಯದಲ್ಲಿ ಉಳಿದ ವರ್ಷಗಳನ್ನು: ಕೂಸು ಅಂಬೆಗಾಲಿಕ್ಕುವುದನ್ನು ಕಂಡೇನೆ, ಪಾಟಿಚೀಲ ಹೊತ್ತು ಶಾಲೆಗೆ ಹೋಗುವುದನ್ನು ಕಂಡೇನೆ ಎಂಬಲ್ಲಿಗೆ ಅವಳ ಆಸೆ ನಿಲ್ಲುತ್ತಿತ್ತು; ತನ್ನ ಬಳಿಕ ಮಗುವನ್ನು ಯಾರ ಮಡಿಲಿಗೆ ಹಾಕಲಿ ಎಂಬ ಒಂದೇ ಚಿಂತೆಯಲ್ಲಿ ಅವಳ ಮಾತೃತ್ವವೆಲ್ಲ ಸವೆದುಹೋಗುತ್ತಿತ್ತು. ಅಂಥ ತಾಯಂದಿರಲ್ಲಿ ಔಷಧವು ಸಕಾಲಕ್ಕೆ ದೊರೆತವರು ಬದುಕಿದರು. ಅವರ ಮಕ್ಕಳು ಬೆಳೆದರು, ಮೀಸೆ ಚಿಗುರಿತು, ಧ್ವನಿ ಒಡೆಯಿತು, ಲಂಗ ತೊಡುತ್ತಿದ್ದ ಹುಡುಗಿಯರು ಕಾಲೇಜಿನ ಬಸ್ಸಿಗೆ ಕಾದು ನಿಂತರು. ಸಾವನ್ನು ಇದಿರುಗೊಳ್ಳಲು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದ ಆ ತಾಯಿಯನ್ನು, ವಯಃಸಂಧಿಯಲ್ಲಿ ನಿಂತು ಪ್ರಶ್ನೆ ಕೇಳುವ ಮಗನನ್ನೂ ಮಗಳನ್ನೂ ಇದಿರುಗೊಳ್ಳಲು ಮಾತ್ರ ಯಾರೂ ಸಿದ್ಧಗೊಳಿಸಿರಲಿಲ್ಲ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭೆಯ ನೀರನ್ನುಂಡು ಕಬ್ಬು ಬೆಳೆಯುವ ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ವೈದ್ಯಳಲ್ಲ, ಸಮಾಜಶಾಸ್ತ್ರಜ್ಞಳೂ ಅಲ್ಲ. ಆದರೆ ಹದಿಮೂರರಿಂದ ಹದಿನಾರರ ನಡುವಣ ಮಕ್ಕಳ ಮುಖಗಳನ್ನು ದಿನವೂ ನೋಡುತ್ತ ವೃತ್ತಿಜೀವನವನ್ನು ಕಳೆದವಳಿಗೆ, ಯಾವ ಮಗು ಯಾವ ಭಾರವನ್ನು ಹೊತ್ತು ಬೆಂಚಿನ ಮೇಲೆ ಕುಳಿತಿದೆ ಎಂಬುದು ಅರ್ಧವಾದರೂ ತಿಳಿಯುತ್ತದೆ. ಉಳಿದರ್ಧವನ್ನು ತಾಯಂದಿರು ತಾವಾಗಿಯೇ ಬಂದು ಹೇಳಿದ್ದಾರೆ. 2003ರಲ್ಲಿ ನಮ್ಮ ಜಿಲ್ಲೆಯ ಸಾಮಾನ್ಯ ಜನರ ನಡುವೆ ನಡೆದ ಒಂದು ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಸೋಂಕು ಇದ್ದುದು ಕಂಡುಬಂದಿತ್ತು. ಆ ಅಂಕೆಯ ಹಿಂದೆ ಇದ್ದವರು ಯಾರು? ದುಡಿಮೆಗೆಂದು ಗೋವೆಗೂ ಪುಣೆಗೂ ಮುಂಬಯಿಗೂ ಹೋಗಿ ಬಂದ ಗಂಡಸರು, ಲಾರಿ ನಡೆಸುವವರು, ಮತ್ತು ಮನೆಯ ಹೊಸ್ತಿಲನ್ನು ದಾಟದೆಯೇ ಸೋಂಕನ್ನು ಪಡೆದ ಅವರ ಹೆಂಡಂದಿರು. ಗಂಡ ಊರಿಗೆ ಬಂದನೆಂಬ ಸಂಭ್ರಮದಲ್ಲಿ ಹೋಳಿಗೆ ಮಾಡಿ ಬಡಿಸಿದವರು ಅವರು. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ತಾಯಿ ತಪ್ಪು ಮಾಡಿದಳೇ ಎಂಬ ಸಂಶಯವೊಂದು ಇಂಥ ಮನೆಗಳಲ್ಲಿ ಮಕ್ಕಳ ಮನಸ್ಸಿನ ಮೂಲೆಯಲ್ಲಿ ಕುಳಿತಿರುತ್ತದೆ. ತಾಯಿ ಅದನ್ನು ಬಲ್ಲಳು. ಅವಳ ಮೌನಕ್ಕೆ ಮೂಲವೂ ಅದೇ.

ಒಬ್ಬ ತಾಯಿ, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಕೂಲಿಯಿಂದ ಇಬ್ಬರು ಮಕ್ಕಳನ್ನು ಸಾಕಿದವಳು, ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, "ಅಕ್ಕೋರ, ಜಡ್ಡಿಗಿ ನಾ ಅಂಜೂದಿಲ್ರಿ. ಮಗನ ಕಣ್ಣಿಗಿ ಅಂಜತೀನ್ರಿ" ಎಂದಳು. ಈ ವಿಷಯದಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ಸತ್ಯಕ್ಕೆ ಅತ್ಯಂತ ಹತ್ತಿರವಾದ ಮಾತು ಅದೇ ಎಂದು ನನಗೆ ತೋರುತ್ತದೆ. ಅವಳ ಹಿರಿಯ ಮಗನಿಗೆ ಸೋಂಕು ಇತ್ತು. ಮೂರು ವರ್ಷ ಕಿರಿಯಳಾದ ಮಗಳಿಗೆ ಇರಲಿಲ್ಲ. ಹೀಗಾಗುವುದು ಅಪೂರ್ವವೇನೂ ಅಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ, ಬಸುರಿನಲ್ಲಿಯೋ ಹೆರಿಗೆಯಲ್ಲಿಯೋ ಎದೆಹಾಲಿನಿಂದಲೋ, ನೂರು ಸೋಂಕಿತ ತಾಯಂದಿರ ಮಕ್ಕಳಲ್ಲಿ ಹದಿನೈದರಿಂದ ನಲವತ್ತೈದು ಮಕ್ಕಳಿಗೆ ಸೋಂಕು ತಗಲುತ್ತದೆ. 2000ದ ದಶಕದ ಆರಂಭದಲ್ಲಿ, ಹೆರಿಗೆಯ ನೋವು ಕಾಣಿಸಿಕೊಂಡಾಗ ತಾಯಿಗೆ ಒಂದು ನೆವಿರಪಿನ್ ಗುಳಿಗೆಯನ್ನೂ ಹುಟ್ಟಿದ ಕೂಸಿಗೆ ಅದರದೇ ಕೆಲವು ಹನಿಗಳನ್ನೂ ಕೊಡುವ ಪದ್ಧತಿ ನಮ್ಮ ಆಸ್ಪತ್ರೆಗಳಿಗೆ ಬಂದು, ಅಪಾಯವನ್ನು ತಗ್ಗಿಸಿತು. 2014ರಿಂದ ಸೋಂಕಿತ ಗರ್ಭಿಣಿಯರಿಗೆಲ್ಲ ಮೂರು ಔಷಧಗಳ ಪೂರ್ಣ ಚಿಕಿತ್ಸೆಯನ್ನು ಆಜೀವವಾಗಿ ಕೊಡುವ ಕ್ರಮ ಜಾರಿಗೆ ಬಂದಿದೆ. ಅದನ್ನು ಬಿಡದೆ ತೆಗೆದುಕೊಂಡ ತಾಯಿಯ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. ಆದುದರಿಂದ ಯಾವ ಮಗು ಯಾವ ಸಂವತ್ಸರದಲ್ಲಿ ಹುಟ್ಟಿತು, ತಾಯಿಯ ರಕ್ತಪರೀಕ್ಷೆ ಹೆರಿಗೆಗೆ ಮೊದಲಾಯಿತೋ ಅನಂತರವೋ ಎಂಬುದರ ಮೇಲೆ, ಒಂದೇ ಗರ್ಭದ ಎರಡು ಜೀವಗಳ ಜಾತಕ ಬೇರೆಬೇರೆಯಾಯಿತು.

ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದಾಗ ಕೇಳಿದನಂತೆ: "ನನಗ್ಯಾಕ ಬಂತವ್ವಾ? ತಂಗಿಗ್ಯಾಕ ಬರ್ಲಿಲ್ಲ?" ಅವಳು ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಹಾಗೆಯೇ ಬಿಟ್ಟು, ಒಲೆಯ ಮುಂದಿನಿಂದ ಎದ್ದು ಬಂದು ಅವನ ಎದುರಿಗೆ ಕುಳಿತಳು. "ನೀ ಹೊಟ್ಟ್ಯಾಗಿದ್ದಾಗ ನನಗ ಗೊತ್ತಿದ್ದಿಲ್ಲೋ ಯಪ್ಪಾ. ಗೊತ್ತಿದ್ದಿದ್ರ ನಿನಗ ಬರಗೊಡ್ತಿದ್ದಿಲ್ಲ" ಎಂದಳು. ಹುಡುಗ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಶಾಲೆಗೂ ಬರಲಿಲ್ಲ. ನಾಲ್ಕಾರು ದಿನ ತಂಗಿಯೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ತಂಗಿಯ ಗಣಿತದ ಲೆಕ್ಕವನ್ನು ಬಿಡಿಸಿಕೊಟ್ಟನಂತೆ. ಆ ತಾಯಿಯ ಉತ್ತರದಲ್ಲಿ ವೈದ್ಯಶಾಸ್ತ್ರವೂ ಇತ್ತು, ಅಂತಃಕರಣವೂ ಇತ್ತು, ಮಗುವಿನ ಮೇಲೆ ಎಸೆಯಬಹುದಾದ ಯಾವ ಅಸತ್ಯವೂ ಇರಲಿಲ್ಲ. ಓದುಬರಹ ಬಾರದ ಆಕೆ ಆ ಎರಡು ವಾಕ್ಯಗಳನ್ನು ಎಷ್ಟು ರಾತ್ರಿಗಳಲ್ಲಿ ಮನಸ್ಸಿನೊಳಗೇ ತಿರುವಿ ಹಾಕಿಕೊಂಡಿದ್ದಳೋ ಎಂದು ನಾನು ಯೋಚಿಸಿದ್ದೇನೆ.

ಎಲ್ಲ ಮನೆಗಳಲ್ಲಿಯೂ ಹೀಗೆ ನಡೆಯುವುದಿಲ್ಲ. ಬಹುತೇಕ ಮನೆಗಳಲ್ಲಿ ನಡೆಯುವುದು ಮರೆಮಾಚುವಿಕೆ. ತಿಂಗಳ ಗುಳಿಗೆಗಳ ಡಬ್ಬಿ ಜಿಲ್ಲಾಸ್ಪತ್ರೆಯಿಂದ ಮನೆಗೆ ಬರುತ್ತಲೆ ಅದರ ಮೇಲಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕೆರೆದುಹಾಕುತ್ತಾರೆ; ಬಸ್ಸಿನಲ್ಲಿ ಗುಳಿಗೆಗಳು ಗಲಗಲ ಸದ್ದುಮಾಡಿ ಪಕ್ಕದವರ ಗಮನವನ್ನು ಸೆಳೆಯದಿರಲೆಂದು ಡಬ್ಬಿಯೊಳಗೆ ಅರಳೆ ತುರುಕುತ್ತಾರೆ; ಮನೆಯಲ್ಲಿ ಅದು ಅಡುಗೆಮನೆಯ ನೆಲುವಿನ ಮೇಲೆ, ಸಾಸಿವೆ ಮೆಂತ್ಯಗಳ ಡಬ್ಬಿಗಳ ಹಿಂದೆ ಅಡಗುತ್ತದೆ. ತಮ್ಮ ಊರಿನ ತಾಲ್ಲೂಕು ಕೇಂದ್ರದಲ್ಲಿಯೇ ಗುಳಿಗೆ ದೊರೆಯುವಾಗಲೂ ಗುರುತಿನವರು ಕಂಡಾರೆಂದು ದೂರದ ಜಿಲ್ಲೆಗೆ ಹೋಗಿ ತರುವವರಿದ್ದಾರೆ. ಹಿಂದಿನ ಔಷಧಗಳಂತೂ ಗುಟ್ಟನ್ನು ಮುಖದ ಮೇಲೆಯೇ ಬರೆದುಬಿಡುತ್ತಿದ್ದವು. ಸ್ಟಾವುಡಿನ್ ಎಂಬ ಗುಳಿಗೆ ದೀರ್ಘಕಾಲ ತೆಗೆದುಕೊಂಡವರ ಕೆನ್ನೆಯ ಕೊಬ್ಬು ಕರಗಿ ಕುಳಿಬೀಳುತ್ತಿತ್ತು, ಜಿಡೊವುಡಿನ್ ತೆಗೆದುಕೊಂಡವರ ಉಗುರುಗಳು ಕಪ್ಪಾಗುತ್ತಿದ್ದವು, ರಾತ್ರಿ ಎಫಾವಿರೆಂಜ್ ನುಂಗಿದ ತಾಯಿ ತಲೆ ತಿರುಗಿ ಗೋಡೆ ಹಿಡಿದು ನಡೆಯುತ್ತಿದ್ದಳು. 2020ರಿಂದೀಚೆಗೆ ನಮ್ಮಲ್ಲಿ ಬಂದಿರುವ ಡೊಲುಟೆಗ್ರಾವಿರ್ ಕೂಡಿದ, ದಿನಕ್ಕೊಂದೇ ಆದ ಗುಳಿಗೆ ಈ ಕಷ್ಟಗಳನ್ನು ಬಹುಮಟ್ಟಿಗೆ ನಿವಾರಿಸಿದೆ. ತಾಯಿ ಈಗ ನೋಡುವವರ ಕಣ್ಣಿಗೆ ಎಲ್ಲರಂತೆಯೇ ಇದ್ದಾಳೆ. ಅದರಿಂದ ಗುಟ್ಟು ಇನ್ನಷ್ಟು ಕಾಲ ಗುಟ್ಟಾಗಿಯೇ ಉಳಿಯಬಲ್ಲುದು ಎಂಬ ಭ್ರಮೆಯೂ ಹುಟ್ಟಿದೆ.

ಭ್ರಮೆ ಎಂದೇಕೆ ಹೇಳಿದೆನೆಂದರೆ, ಏಳೆಂಟು ವರ್ಷದ ಮಗುವಿಗೆ "ಇದು ಶಕ್ತಿಯ ಗುಳಿಗೆ" ಎಂದೋ "ರಕ್ತ ಕಡಿಮೆ ಐತಿ, ಅದಕ್ಕ" ಎಂದೋ ಹೇಳಿದ ಸಮಾಧಾನವು ಹನ್ನೆರಡರ ಮಗುವಿನ ಮುಂದೆ ನಿಲ್ಲುವುದಿಲ್ಲ. ಶಕ್ತಿಯ ಗುಳಿಗೆಯನ್ನು ತರಲು ಶಾಲೆ ತಪ್ಪಿಸಿ ಜಿಲ್ಲಾಸ್ಪತ್ರೆಗೇ ಏಕೆ ಹೋಗಬೇಕು, ಅಲ್ಲಿ ಗುರುತಿನವರು ಕಂಡರೆ ಅವ್ವ ಸೆರಗನ್ನು ಮುಖಕ್ಕೆ ಏಕೆ ಎಳೆದುಕೊಳ್ಳುತ್ತಾಳೆ, ಅಜ್ಜಿಯ ಮನೆಯಲ್ಲಿ ಅವ್ವನಿಗೆ ತಾಟು ಬೇರೆ, ವಾಟೆ ಬೇರೆ, ಮಲಗುವ ಕೌದಿ ಬೇರೆ ಏಕೆ ಎಂದು ಮಗು ತನ್ನೊಳಗೇ ಲೆಕ್ಕ ಹಾಕುತ್ತದೆ. ಅಕ್ಷರ ಬಲ್ಲ ಮಗು ಡಬ್ಬಿಯ ಮೇಲೆ ಅಳಿಯದೆ ಉಳಿದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಮೊಬೈಲಿನಲ್ಲಿ ಒತ್ತಿ ನೋಡುತ್ತದೆ. ಆಮೇಲೆ ತಾಯಿಗೆ ತನಗೆ ಗೊತ್ತೆಂದು ಹೇಳುವುದಿಲ್ಲ. ತಾಯಿಯೂ ಮಗುವಿಗೆ ಗೊತ್ತಿರಬಹುದೆಂಬ ಅನುಮಾನವನ್ನು ಬಾಯಿಬಿಟ್ಟು ಆಡುವುದಿಲ್ಲ. ಒಂದೇ ಸೂರಿನ ಕೆಳಗೆ, ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆಂದು ಭಾವಿಸಿಕೊಂಡು, ಇಬ್ಬರೂ ಒಂಟಿಯಾಗುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಅವರ ಸೋಂಕನ್ನೂ, ತಾಯಿತಂದೆಯರ ಸೋಂಕನ್ನೂ, ಅವರ ತಿಳಿವಳಿಕೆಗೆ ತಕ್ಕಂತೆ ಹಂತಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿಯೇ ಮಾರ್ಗದರ್ಶನ ನೀಡಿದೆ. ಮೈಯೊಳಗೆ ಒಂದು ಬಗೆಯ ಕ್ರಿಮಿ ಇದೆ, ಗುಳಿಗೆ ಅದನ್ನು ಮಲಗಿಸಿಡುತ್ತದೆ ಎಂಬಷ್ಟನ್ನು ಎಂಟನೆಯ ವಯಸ್ಸಿನಲ್ಲಿ ಕೇಳಿದ ಮಗು, ಹನ್ನೆರಡರ ವೇಳೆಗೆ ಆ ಕ್ರಿಮಿಯ ಹೆಸರನ್ನು ಕೇಳಿದಾಗ ನೆಲ ಕುಸಿದಂತೆ ತತ್ತರಿಸುವುದಿಲ್ಲ. ಈ ಕೆಲಸಕ್ಕೆ ವರ್ಷಗಳು ಬೇಕು. ಒಂದು ಸಂಜೆ ಕರೆದು ಕೂರಿಸಿ ಹೇಳಿ ಮುಗಿಸುವಂಥದಲ್ಲ.

ಹಾಗಿದ್ದರೂ ತಾಯಂದಿರು ಏಕೆ ಹಿಂಜರಿಯುತ್ತಾರೆ? ಮಗು ಊರೆಲ್ಲ ಹೇಳಿಬಿಟ್ಟರೆ ಎಂಬ ಭಯವನ್ನು ಅವರು ಮೊದಲು ಮುಂದಿಡುತ್ತಾರೆ, ಅದು ನಿಜವಾದ ಭಯವೂ ಹೌದು. ಹೊರಗೆ ಗೊತ್ತಾದ ಬಳಿಕ ಬಾಡಿಗೆಯ ಮನೆಯನ್ನು ಬಿಡಬೇಕಾಗಿ ಬಂದವರನ್ನೂ ಅಡುಗೆಯ ಕೆಲಸವನ್ನು ಕಳೆದುಕೊಂಡವರನ್ನೂ ನಾನು ಬಲ್ಲೆ. ಆದರೆ ಸ್ವಲ್ಪ ಹೊತ್ತು ಕುಳಿತು ಕೇಳಿದರೆ ಇನ್ನೊಂದು ಭಯ ಹೊರಬೀಳುತ್ತದೆ. "ನಿನಗೆ ಹ್ಯಾಂಗ ಬಂತು?" ಎಂದು ಮಗು ಕೇಳಿದರೆ ಏನು ಹೇಳಲಿ? ಗಂಡನಿಂದ ಬಂತೆಂದು ಹೇಳಿದರೆ, ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ನಗುತ್ತಿರುವ ತಂದೆಯನ್ನು ಮಕ್ಕಳ ಕಣ್ಣಿನಲ್ಲಿ ಎರಡನೆಯ ಸಲ ಕೊಂದಂತಾಗುತ್ತದೆ. ಹೇಳದೆ ಬಿಟ್ಟರೆ ಕಳಂಕವು ತನ್ನ ಮೇಲೆಯೇ ನಿಲ್ಲುತ್ತದೆ. ಅತ್ತೆಯ ಮನೆಯಲ್ಲಂತೂ ಮಗ ಸತ್ತದ್ದು ಸೊಸೆಯ ಕಾಲ್ಗುಣದಿಂದ ಎಂಬ ತೀರ್ಪು ಎಂದೋ ಆಗಿಹೋಗಿರುತ್ತದೆ, ಆ ತೀರ್ಪನ್ನು ಮಕ್ಕಳ ಕಿವಿಗೆ ಹಾಕಲು ಚಿಕ್ಕಪ್ಪಂದಿರಿಗೆ ಹೊಲದ ಪಾಲಿನ ಕಾರಣವೂ ಇರುತ್ತದೆ. ಹದಿಹರೆಯವೆಂಬುದು ನ್ಯಾಯಾನ್ಯಾಯಗಳನ್ನು ಅತ್ಯಂತ ಕಠೋರವಾಗಿ ತೂಗುವ ವಯಸ್ಸು. ಐದು ವರ್ಷದ ಮಗು ತಾಯಿಯನ್ನು ದೇವರೆಂದು ಕಾಣುತ್ತದೆ, ಮೂವತ್ತರ ಮಗ ತಾಯಿಯನ್ನು ಮನುಷ್ಯಳೆಂದು ಕಾಣುತ್ತಾನೆ; ನಡುವೆ ಬರುವ ಆ ಕೆಲವು ವರ್ಷಗಳಲ್ಲಿ ಅವನು ಅವಳ ನ್ಯಾಯಾಧೀಶನಾಗಿರುತ್ತಾನೆ.

ಈ ಪ್ರಶ್ನೆಗೆ ಒಬ್ಬಾಕೆ ಕೊಟ್ಟ ಉತ್ತರವನ್ನು ಕೇಳಿ ನನ್ನ ಮನಸ್ಸು ತುಂಬಿಬಂದಿತ್ತು. "ನಿಮ್ಮಪ್ಪ ಕೆಟ್ಟಾಂವ ಅಲ್ಲ. ಊರು ಬಿಟ್ಟು ದುಡ್ಯಾಕ ಹೋಗಿದ್ದ, ತಿಳೀದ ತಪ್ಪಿದ. ತಿಳಿದು ನನಗ ಕೊಡಲಿಲ್ಲ" ಎಂದು ಅವಳು ಮಗಳಿಗೆ ಹೇಳಿದಳು. ಗಂಡನ ಬಗೆಗೆ ಅವಳಿಗೆ ಕೋಪವಿರಲಿಲ್ಲವೆಂದಲ್ಲ. ನನ್ನೊಡನೆ ಅದನ್ನು ಆಡಿಯೂ ತೋರಿಸಿದ್ದಳು. ಆದರೆ ತನ್ನ ಕೋಪವನ್ನು ಮಗಳಿಗೆ ಆಸ್ತಿಯಾಗಿ ಬಿಟ್ಟುಹೋಗಲು ಅವಳು ಒಪ್ಪಲಿಲ್ಲ. ಎಲ್ಲ ಗಂಡಂದಿರೂ ತಿಳಿಯದೆಯೇ ಕೊಟ್ಟವರೆಂದು ನಾನು ಹೇಳಲಾರೆ. ತಿಳಿದೂ ಮುಚ್ಚಿಟ್ಟು ಮದುವೆಯಾದವರುಂಟು, ಅವರ ಹೆಂಡತಿಯರಿಂದ ಇಂಥ ಕ್ಷಮೆಯನ್ನು ಅಪೇಕ್ಷಿಸುವುದು ಅನ್ಯಾಯ. ತಾಯಿ ಏನನ್ನು ಹೇಳಬೇಕೆಂದು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಹೇಳುವವಳು ಅವಳೇ ಆಗಿರಬೇಕು, ಚಿಕ್ಕಪ್ಪನೋ ನೆರೆಯವಳೋ ಜಗಳದ ನಡುವೆ ಉಗುಳುವ ಮಾತಾಗಿ ಅದು ಮಗುವನ್ನು ಮುಟ್ಟಬಾರದು ಎಂಬುದಿಷ್ಟೇ ನನ್ನ ಆಗ್ರಹ.

ಸೋಂಕಿರುವ ಮಗುವಿನ ವಿಷಯದಲ್ಲಿ ಈ ಮೌನವು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲುದು. ಮಕ್ಕಳಿಗೆ ತಕ್ಕ ಔಷಧಗಳ ರಾಷ್ಟ್ರೀಯ ಕಾರ್ಯಕ್ರಮವು 2006ರ ನವೆಂಬರಿನಲ್ಲಿ ಆರಂಭವಾಯಿತು. ಅದರ ಆಸರೆಯಿಂದ ಬೆಳೆದ ಮಕ್ಕಳು ಹದಿನಾಲ್ಕು ಹದಿನೈದಕ್ಕೆ ಕಾಲಿಟ್ಟಾಗ, ಚಿಕ್ಕಂದಿನಿಂದ ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದವರೇ ಅದನ್ನು ದಿಂಬಿನ ಗವುಸಿನೊಳಗೆ ಬಚ್ಚಿಡತೊಡಗಿದ್ದುಂಟು. ಈ ವಯಸ್ಸಿನ ಮಕ್ಕಳು ತಂದೆತಾಯಿಯರ ಮಾತನ್ನು ಮೀರುವುದು ಸಹಜ; ಬೇರೆ ಮನೆಯಲ್ಲಿ ಅದು ತಲೆಗೂದಲ ಕ್ರಾಪಿನಲ್ಲಿಯೋ ಬೈಕಿನ ವೇಗದಲ್ಲಿಯೋ ಪ್ರಕಟವಾಗುತ್ತದೆ, ಇಂಥ ಮನೆಯಲ್ಲಿ ಗುಳಿಗೆಯ ನಿರಾಕರಣೆಯಾಗಿ. ಔಷಧ ತಪ್ಪಿದರೆ ರಕ್ತದಲ್ಲಿ ವೈರಾಣು ಮತ್ತೆ ಹೆಚ್ಚುತ್ತದೆ. ಅರ್ಧಂಬರ್ಧ ಔಷಧದ ನಡುವೆ ಹೆಚ್ಚಿದ ವೈರಾಣು ಆ ಔಷಧಕ್ಕೆ ಬಗ್ಗದಂತೆ ರೂಪಾಂತರ ಹೊಂದುತ್ತದೆ. ಆಮೇಲೆ ಎರಡನೆಯ ಸಾಲಿನ ಔಷಧಗಳಿಗೆ ಹೋಗಬೇಕಾಗುತ್ತದೆ. ಏಕೆ ನುಂಗುತ್ತಿದ್ದೇನೆಂದೇ ತಿಳಿಯದ ಮಗು ಇದನ್ನು ಹೇಗೆ ಅರಿತೀತು? ಬೈದು ನುಂಗಿಸಿದ ತಾಯಂದಿರು ಸೋತದ್ದನ್ನು ನಾನು ಕಂಡಿದ್ದೇನೆ. ರಾತ್ರಿ ಒಂಬತ್ತಕ್ಕೆ ಒಂದೇ ತಂಬಿಗೆಯ ನೀರಿನಿಂದ ಮಗನಿಗೊಂದು ತನಗೊಂದು ಎಂದು ಇಬ್ಬರ ಗುಳಿಗೆಯನ್ನೂ ಒಟ್ಟಿಗೆ ತೆಗೆದುಕೊಳ್ಳುವ ನೇಮ ಇಟ್ಟುಕೊಂಡ ತಾಯಿ ಗೆದ್ದದ್ದನ್ನೂ ಕಂಡಿದ್ದೇನೆ. ಆ ಮನೆಯಲ್ಲಿ, ಅವಳು ಜ್ವರದಿಂದ ಮಲಗಿದ್ದ ಒಂದು ರಾತ್ರಿ, ಹುಡುಗನೇ ಎರಡೂ ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಏಳವ್ವ, ಒಂಬತ್ತಾತು" ಎಂದು ಎಬ್ಬಿಸಿದನಂತೆ.

ಹೆಣ್ಣುಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದುದು. ತಾನು ಹೆಚ್ಚು ಕಾಲ ಬಾಳಲಾರೆನೆಂದು ನಂಬಿದ ತಾಯಿ, ಕಣ್ಣು ಮುಚ್ಚುವುದರೊಳಗೆ ಮಗಳನ್ನು ಒಂದು ದಡ ಸೇರಿಸಬೇಕೆಂದು, ಎಂಟನೆಯ ಒಂಬತ್ತನೆಯ ತರಗತಿಯಲ್ಲಿಯೇ ಶಾಲೆ ಬಿಡಿಸಿ, ತನ್ನ ತಮ್ಮನಿಗೋ ದೂರದ ಸಂಬಂಧಿಗೋ ಕೊಟ್ಟು ಕೈತೊಳೆದುಕೊಂಡ ಎಷ್ಟೋ ಮದುವೆಗಳು ನಮ್ಮ ಸೀಮೆಯಲ್ಲಿ ನಡೆದವು. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ಇರುವಲ್ಲಿ ಗುಟ್ಟು ಬಳಗದೊಳಗೇ ಉಳಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ ಎಂಬ ಅನುಕೂಲವೂ ಅವಳ ಲೆಕ್ಕದಲ್ಲಿ ಸೇರಿತ್ತು. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರೋಧವೆಂದು ಆ ತಾಯಿಗೆ ಹೇಳಿದಾಗ, "ಕಾನೂನು ನಾ ಸತ್ತ ಮ್ಯಾಲ ನನ್ನ ಮಗಳನ್ನ ನೋಡಕೋತೈತೇನ್ರಿ?" ಎಂದು ಅವಳು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಇದೆ. ನೇಮವಾಗಿ ಔಷಧ ತೆಗೆದುಕೊಳ್ಳುವ ಹೆಣ್ಣುಮಗಳು ಇತರರಂತೆಯೇ ಮುಪ್ಪಿನವರೆಗೂ ಬದುಕಬಲ್ಲಳು. ಮಗಳು ಪದವಿ ಮುಗಿಸುವುದನ್ನು, ನೌಕರಿ ಹಿಡಿಯುವುದನ್ನು, ತನಗೆ ಒಪ್ಪಿಗೆಯಾದ ಕಾಲದಲ್ಲಿ ಮದುವೆಯಾಗುವುದನ್ನು ಕಾದು ನೋಡಬಲ್ಲಳು. ಮಗಳಿಗೇ ಸೋಂಕಿದ್ದರೂ ಅವಳ ಬಾಳು ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಕ್ಕದಷ್ಟು ತಗ್ಗಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದು ಯುರೋಪಿನಲ್ಲಿ ನಡೆದು 2016ರಲ್ಲಿಯೂ 2019ರಲ್ಲಿಯೂ ಫಲಿತಾಂಶ ಪ್ರಕಟಿಸಿದ ಪಾರ್ಟ್‌ನರ್ ಅಧ್ಯಯನವು ಸ್ಥಿರಪಡಿಸಿದೆ. ಇಬ್ಬರೂ ಸತ್ಯವನ್ನು ತಿಳಿದು ಒಪ್ಪಿ ಮದುವೆಯಾಗಿ, ಸೋಂಕಿಲ್ಲದ ಮಕ್ಕಳನ್ನು ಪಡೆದ ದಂಪತಿಗಳು ಇಂದು ನಮ್ಮ ನಡುವೆಯೇ ಇದ್ದಾರೆ. ಈ ವಾರ್ತೆ ಹದಿನೇಳರ ಹುಡುಗಿಯ ಕಿವಿಗೆ ಬಿದ್ದರೆ ಅವಳ ಬೆನ್ನು ನೆಟ್ಟಗಾಗುತ್ತದೆ. ಅದನ್ನು ಹೇಳಬೇಕಾದ ತಾಯಿಗೇ ಅದು ಇನ್ನೂ ತಲುಪಿಲ್ಲವೆಂಬುದು ನನ್ನ ವ್ಯಥೆ.

ಇನ್ನು ಶಾಲೆ. ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವುಂಟು. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಸಾಲಿನಲ್ಲಿ ಎಚ್‌ಐವಿಯ ಪ್ರಸ್ತಾಪ ಅಲ್ಲಿ ಬರುತ್ತದೆ. ಕೆಲವರು ಆ ಪುಟಗಳನ್ನು ಮನೆಯಲ್ಲಿ ಓದಿಕೊಳ್ಳಿರೆಂದು ದಾಟಿಸುತ್ತಾರೆ. ಕೆಲವರು ಪುಸ್ತಕದಲ್ಲಿ ಇಲ್ಲದ ಉಪದೇಶವನ್ನು ಸೇರಿಸುತ್ತಾರೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ನಡತೆಗೆಟ್ಟವರಿಗೆ ದೇವರು ಕೊಡುವ ಶಿಕ್ಷೆ ಇದು ಎಂದು ಪಾಠದ ನಡುವೆ ಒಂದು ಮಾತು ಬಂತು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ತಲೆ ತಗ್ಗಿಸಿ, ಟಿಪ್ಪಣಿಯ ಹಾಳೆಯ ಅಂಚನ್ನು ಚೂರುಚೂರಾಗಿ ಹರಿಯುತ್ತ ಕುಳಿತಳೆಂದು ಅವಳ ಗೆಳತಿ ಆಮೇಲೆ ನನಗೆ ಹೇಳಿದಳು. ಅವಳ ತಾಯಿ ಆರು ತಿಂಗಳ ಹಿಂದೆಯಷ್ಟೇ ಅವಳಿಗೆ ಎಲ್ಲವನ್ನೂ ಹೇಳಿದ್ದಳು. ಮನೆಯಲ್ಲಿ ತಾಯಿ ಅಷ್ಟು ಧೈರ್ಯದಿಂದ, ಅಷ್ಟು ಸಂಕಟದಿಂದ ಕಟ್ಟಿದ್ದ ವಿಶ್ವಾಸವನ್ನು ತರಗತಿಯ ಒಂದು ವಾಕ್ಯ ಕೆಡವಿಹಾಕಿತು, ಹುಡುಗಿ ಮನೆಗೆ ಹೋಗಿ ತಾಯಿಯನ್ನು ಕೇಳಿದ ಮೊದಲ ಪ್ರಶ್ನೆ, "ನೀ ಏನು ತಪ್ಪು ಮಾಡಿದ್ದಿ?" ಎಂಬುದು. ತಾರುಣ್ಯ ಶಿಕ್ಷಣದ ಹೆಸರಿನಲ್ಲಿ ಈ ವಿಷಯಗಳನ್ನು ಶಾಲೆಗಳಲ್ಲಿ ಕ್ರಮವಾಗಿ ಕಲಿಸಬೇಕೆಂದು ದೇಶದಲ್ಲಿ ಹೊರಟ ಪ್ರಯತ್ನಕ್ಕೆ 2007ರಲ್ಲಿ ಹಲವು ರಾಜ್ಯಗಳು, ಅವುಗಳಲ್ಲಿ ಕರ್ನಾಟಕವೂ ಒಂದಾಗಿ, ಅಡ್ಡಿ ಹಾಕಿದವು. ಮಕ್ಕಳು ಕೆಡುತ್ತಾರೆಂಬ ಆತಂಕ ಅದರ ಹಿಂದೆ ಇತ್ತು. ಆ ಆತಂಕಕ್ಕೆ ಪಾಠವನ್ನು ಬಲಿಕೊಟ್ಟೆವು. ಅಜ್ಞಾನವು ಮಾತ್ರ ಯಾವ ನಿಷೇಧವೂ ಇಲ್ಲದೆ ತರಗತಿಯೊಳಗೆ ಉಳಿಯಿತು. ಇದನ್ನು ನಾನು ನಮ್ಮ ಶಿಕ್ಷಣದ ದೊಡ್ಡ ವೈಫಲ್ಯಗಳಲ್ಲಿ ಒಂದೆಂದು ಎಣಿಸುತ್ತೇನೆ.

ಕಾನೂನು ಈಚೆಗೆ ತಾಯಿಯ ಪಕ್ಷಕ್ಕೆ ಬಂದಿದೆ. 2017ರಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಅಧಿನಿಯಮವು, ಶಾಲೆಯಲ್ಲಿಯೂ ನೌಕರಿಯಲ್ಲಿಯೂ ಬಾಡಿಗೆಯ ಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಸೋಂಕಿನ ಕಾರಣಕ್ಕೆ ಭೇದ ಮಾಡುವುದನ್ನು ನಿಷೇಧಿಸಿದೆ. ನ್ಯಾಯಾಲಯದ ಆಜ್ಞೆಯ ಹೊರತು ಯಾರನ್ನೂ ತನ್ನ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಬಲಾತ್ಕರಿಸಕೂಡದೆಂದು ವಿಧಿಸಿದೆ. ತಾಯಂದಿರು ಅವಶ್ಯವಾಗಿ ತಿಳಿಯತಕ್ಕ ಎರಡು ವಿಧಿಗಳು ಅದರಲ್ಲಿವೆ. ಸೋಂಕಿನಿಂದ ಬಾಧಿತವಾದ ಮಗುವಿನ ತಾಯಿಯೋ ತಂದೆಯೋ, ತಾನು ಅಶಕ್ತರಾದರೆ ಅಥವಾ ತೀರಿಕೊಂಡರೆ ಮಗುವಿನ ಪೋಷಕರಾಗತಕ್ಕವರನ್ನು, ಬಂಧುವಾಗಲಿ ಸ್ನೇಹಿತರಾಗಲಿ, ಉಯಿಲಿನ ಮೂಲಕ ಮೊದಲೇ ನೇಮಿಸಿಡಬಹುದು. ಇನ್ನೊಂದು, ಅಂಥ ಕುಟುಂಬದ ವ್ಯವಹಾರವನ್ನು ನಡೆಸುತ್ತಿರುವ, ಸಾಕಷ್ಟು ಪ್ರೌಢತೆಯುಳ್ಳ ಹನ್ನೆರಡು ವರ್ಷಕ್ಕೆ ಮೇಲ್ಪಟ್ಟ ಹಿರಿಯ ಮಗುವು, ತನ್ನ ತಮ್ಮತಂಗಿಯರನ್ನು ಶಾಲೆಗೆ ಸೇರಿಸುವುದು, ಬ್ಯಾಂಕಿನ ಖಾತೆ ನಡೆಸುವುದು ಮೊದಲಾದ ಕಾರ್ಯಗಳಲ್ಲಿ ಪೋಷಕನ ಸ್ಥಾನದಲ್ಲಿ ನಿಲ್ಲಬಹುದು. ಈ ವಿಧಿಯನ್ನು ಓದಿದಾಗ, ಅದನ್ನು ಬರೆದವರು ಇಂಥ ಮನೆಗಳನ್ನು ಒಳಗೆ ಹೊಕ್ಕು ನೋಡಿದ್ದರೆಂದು ನನಗನಿಸಿತು. ರಾಜ್ಯದಲ್ಲಿ, ಸೋಂಕಿತ ಮಹಿಳೆಯರ ಸ್ವಂತ ಉದ್ಯೋಗಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯೂ, ಸೋಂಕಿನಿಂದ ಬಾಧಿತರಾದ ಮಕ್ಕಳಿಗೆ ವಿಶೇಷ ಪಾಲನಾ ಯೋಜನೆಯೂ ಉಂಟು.

ಆದರೆ ಕಾನೂನಾಗಲಿ ಧನಸಹಾಯವಾಗಲಿ ತಾಯಿಗೆ ಮಾತನ್ನು ಕಲಿಸಲಾರದು. ಅದನ್ನು ಕಲಿಸುವವರು ಇತರ ತಾಯಂದಿರು. 1998ರಲ್ಲಿ ಚೆನ್ನೈಯಲ್ಲಿ ಪಿ. ಕೌಸಲ್ಯಾ ಅವರು, ತಾವೇ ಸೋಂಕಿತರಾಗಿದ್ದು, ತಮ್ಮಂಥ ಕೆಲವರನ್ನು ಕೂಡಿಸಿಕೊಂಡು ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಎಂಬ ಸಂಘವನ್ನು ಕಟ್ಟಿದಾಗ, ಈ ದೇಶದಲ್ಲಿ ತನ್ನ ಸೋಂಕನ್ನು ಹೆಸರು ಹೇಳಿಕೊಂಡು ಒಪ್ಪಿದ ಹೆಂಗಸರು ಬೆರಳೆಣಿಕೆಯಷ್ಟಿದ್ದರು. ಇಂದು ನಮ್ಮ ಜಿಲ್ಲೆಗಳಲ್ಲಿಯೂ ಸೋಂಕಿತರ ಸಂಘಗಳಿವೆ. ಎಆರ್‌ಟಿ ಕೇಂದ್ರದ ಮುಂದಿನ ಬೇವಿನ ಮರದ ಕೆಳಗೆ, ಚೀಟಿಯ ಸರದಿಗಾಗಿ ಕಾಯುತ್ತ ಕುಳಿತ ಹೆಂಗಸರಲ್ಲಿ, ಮಕ್ಕಳಿಗೆ ಹೇಳಿ ಮುಗಿಸಿದವಳು ಇನ್ನೂ ಹೇಳದವಳಿಗೆ ಹೇಳುವ ಮಾತುಗಳನ್ನು ನಾನು ಕೇಳಿದ್ದೇನೆ. ಹಬ್ಬದ ಮುಂದೆ ಹೇಳಬ್ಯಾಡ, ಪರೀಕ್ಷೆ ಮುಂದ ಹೇಳಬ್ಯಾಡ. ಹೇಳಿದ ಮ್ಯಾಲ ಅತ್ತರ ಅಳಲಿ, ಬೈದರ ಬೈಯಲಿ, ನೀ ಮಾತ್ರ ಎದ್ದು ಹೋಗಬ್ಯಾಡ. ಒಂದು ವಾರ ಬಿಟ್ಟು ನೀನಾಗಿ ಮತ್ತ ಆ ಮಾತು ತಗಿ, ಇಲ್ಲಂದ್ರ ಅದು ಒಳಗ ಕೊಳೀತೈತಿ. ಯಾವ ಮನಶ್ಶಾಸ್ತ್ರದ ಗ್ರಂಥವೂ ಇದಕ್ಕಿಂತ ಸರಳವಾಗಿ ಇದನ್ನು ಹೇಳಿರಲಾರದು. ಆಸ್ಪತ್ರೆಯ ಆಪ್ತಸಮಾಲೋಚಕರೂ ಈ ಕಾರ್ಯದಲ್ಲಿ ನೆರವಾಗುತ್ತಾರೆ. ಆದರೆ ಒಬ್ಬೊಬ್ಬರ ಮುಂದೆ ನೂರಾರು ಮಂದಿ ಕಾದು ನಿಂತಿರುವಾಗ ಅವರಿಗೆ ದೊರೆಯುವ ಸಮಯ ಅತ್ಯಲ್ಪ.

ಈ ರಾಜ್ಯದಲ್ಲಿ ಎಚ್‌ಐವಿಯೊಡನೆ ಬಾಳುತ್ತಿರುವವರ ಸಂಖ್ಯೆ ಎರಡೂವರೆ ಲಕ್ಷಕ್ಕೂ ಅಧಿಕವೆಂದು ಅಂದಾಜಿದೆ. ಅವರಲ್ಲಿ ತಾಯಂದಿರು ಅಲ್ಪಸಂಖ್ಯೆಯವರಲ್ಲ. ಆದುದರಿಂದ ನನ್ನ ಸಹೋದ್ಯೋಗಿಗಳಾದ ಅಧ್ಯಾಪಕ ಅಧ್ಯಾಪಿಕೆಯರಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ಹತ್ತನೆಯ ತರಗತಿಯಲ್ಲಿ ಆ ಅಧ್ಯಾಯ ಬಂದಾಗ, ಪುಟವನ್ನು ಮಗುಚಿ ಮುಂದೆ ಹೋಗಬೇಡಿ. ಅಂಥ ತಾಯಿಯ ಮಗುವೊಂದು ಎದುರಿನ ಬೆಂಚಿನಲ್ಲಿಯೇ ಕುಳಿತಿದೆಯೆಂದು ತಿಳಿದು ಪಾಠ ಮಾಡಿರಿ. ಸೋಂಕು ಹೇಗೆ ಹರಡುತ್ತದೆಂಬುದರ ಜೊತೆಗೆ ಹೇಗೆ ಹರಡುವುದಿಲ್ಲವೆಂಬುದನ್ನೂ, ಔಷಧವಿದೆಯೆಂಬುದನ್ನೂ, ಆ ಔಷಧ ತೆಗೆದುಕೊಳ್ಳುವವರು ಎಲ್ಲರಂತೆ ಬಾಳುತ್ತಾರೆಂಬುದನ್ನೂ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಎಂಬ ಸಂಖ್ಯೆಗೆ ಹಣ ಕೊಡದೆ ದೂರವಾಣಿ ಮಾಡಿ ಯಾರಾದರೂ ಸಲಹೆ ಪಡೆಯಬಹುದೆಂಬುದನ್ನೂ ಹೇಳಿ, ಹಲಗೆಯ ಮೇಲೆ ಆ ಸಂಖ್ಯೆಯನ್ನು ಬರೆದಿಡಿರಿ.